ಸೊನ್ನೆಗೆ ತಂದ ಖಾತೆ

ಅಕಾರ್ಡಿಯನ್ ಮಾಡುವವನ ಹತ್ತಿರ ದುಡ್ಡು ಯಾವತ್ತೂ ಇರುವುದಿಲ್ಲ, ಬರಬೇಕಾದ ದುಡ್ಡು ಇರುತ್ತದೆ. ಇಟಲಿಯ ನಮ್ಮ ಊರು ಕಾಸ್ಟೆಲ್‌ಫಿದಾರ್ದೊದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮರ ಕೊಳ್ಳಬೇಕು, ಸ್ವರ ಹೊರಡಿಸುವ ಉಕ್ಕಿನ ರೀಡು ಕೊಳ್ಳಬೇಕು, ತಿದಿಯ ಮೂಲೆಗಳಿಗೆ ಆಡಿನ ತೊಗಲು ಬೇಕು, ಕೆಲಸದವರಿಗೆ ತಿಂಗಳಾದರೆ ಸಂಬಳ ಕೊಡಬೇಕು. ಗಿರಾಕಿ ಮಾತ್ರ ವಾದ್ಯ ಕೈಗೆ ಬಂದು, ನುಡಿಸಿ ನೋಡಿ, ಹೆಂಡತಿಗೂ ಕೇಳಿಸಿ, ಆಮೇಲೆ ಹಣ ಕಳಿಸುತ್ತಾನೆ. ನಡುವಿನ ತಿಂಗಳುಗಳಲ್ಲಿ ನಮ್ಮನ್ನು ಸಾಕಿದ್ದು ಬ್ಯಾಂಕಿನ ಓವರ್‌ಡ್ರಾಫ್ಟು, ಖಾತೆಯಲ್ಲಿ ಇಲ್ಲದ ದುಡ್ಡನ್ನೂ ತೆಗೆಯಲು ಬಿಡುವ ಸಾಲ. ಅಪ್ಪನ ಕಾಲದಿಂದಲೂ ನಮ್ಮ ಖಾತೆ ಮೈನಸ್ಸಿನಲ್ಲೇ ಇತ್ತು. ಅದರಿಂದ ನಮ್ಮ ಊಟಕ್ಕಾಗಲಿ ನಿದ್ದೆಗಾಗಲಿ ಯಾವ ಕೊರತೆಯೂ ಆಗಿರಲಿಲ್ಲ.

ನಾನು ನಜ್ಜರೇನಾ. ಕಾರ್ಖಾನೆ ಎಂದು ಬೋರ್ಡು ಹಾಕಿಕೊಂಡಿದ್ದ ಆ ದೊಡ್ಡ ಕೋಣೆ ನನ್ನ ಅಣ್ಣ ಎಲ್ವಿಯೋನದು. ರೀಡುಗಳನ್ನು ಅರದಿಂದ ಕೆರೆದು ಶ್ರುತಿ ಮಾಡುವುದು ನನ್ನ ಕೆಲಸ. ನಮ್ಮ ಜೊತೆ ಇನ್ನಿಬ್ಬರು ಕೆಲಸಗಾರರಿದ್ದರು. ಅಣ್ಣ ತಂಗಿ ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಅವಳು ಬಾಯಿ ಬಿಟ್ಟು ಕೆಟ್ಟಳು, ಅವನು ಬಾಯಿ ಬಿಡದೆ ಕೆಟ್ಟ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಬ್ಯಾಂಕಿನ ಡೈರೆಕ್ಟರ್ ಉಬಾಲ್ದೊ ಕೂಡ ಇದೇ ಓಣಿಯಲ್ಲಿ ಹುಟ್ಟಿದವನು. ಅವನ ತಾಯಿ ಮನೆಬಾಗಿಲಲ್ಲಿ ಕೂತು ತಿದಿಯ ರಟ್ಟು ಮಡಚುತ್ತಿದ್ದಳು. ಅವನು ಓದಿ, ಟೈ ಕಟ್ಟಿ, ಚೌಕದ ಬ್ಯಾಂಕಿನಲ್ಲಿ ಕೂತ. ಆದರೂ ಶನಿವಾರ ಬಂದರೆ ಆ ಟೈ ಸಡಿಲಿಸಿಕೊಂಡು ನಮ್ಮ ಕೋಣೆಗೆ ಬಂದು, ಎಲ್ವಿಯೋನ ಜೊತೆ ಒಂದು ಲೋಟ ಬಿಳಿ ವೈನು ಕುಡಿದೇ ಮನೆಗೆ ಹೋಗುತ್ತಿದ್ದ. ಆ ವರ್ಷ ನಮ್ಮ ಸಣ್ಣ ಬ್ಯಾಂಕನ್ನು ಮಿಲಾನಿನ ದೊಡ್ಡ ಬ್ಯಾಂಕೊಂದು ನುಂಗಿ ನೀರು ಕುಡಿದಿತ್ತು. ಬೋರ್ಡು ಬದಲಾಯಿತು, ಉಬಾಲ್ದೊ ಬದಲಾಗಲಿಲ್ಲ ಎಂದುಕೊಂಡೆವು.

ಅಕ್ಟೋಬರಿನ ಒಂದು ಶನಿವಾರ ಅವನು ಲೋಟ ಕೆಳಗಿಟ್ಟು ಹೇಳಿದ, "ಮೇಲಿನವರು ಎಲ್ಲಾರ ಖಾತೇನೂ ಜಾಲಾಡ್ತಾ ಇದಾರೆ, ಎಲ್ವಿಯೋ. ನಿನ್ನದು ಇಷ್ಟು ವರ್ಷದಲ್ಲಿ ಒಂದು ದಿನಾನೂ ಮೇಲಕ್ಕೆ ಬಂದಿಲ್ಲ. ಅವರ ಕಣ್ಣಿಗೆ ಅದೊಂದು ಕಾಯಿಲೆ."

"ನಮ್ಮ ಕಣ್ಣಿಗೆ ಅದು ಕಸುಬು," ಎಂದೆ ನಾನು.

"ನಿನ್ನ ಯಾರು ಕೇಳಿದ್ರು ತಾಯಿ? ಅರ ಹಿಡ್ಕೊಂಡು ಕೂತ್ಕೋ." ಅವನು ಎಲ್ವಿಯೋನ ಕಡೆ ಬಾಗಿದ. "ನೋಡು, ಒಂದೇ ಒಂದು ಸಲ ಸೊನ್ನೆಗೆ ತಂದುಬಿಡು. ಒಂದು ನಾಲ್ಕು ದಿನ ಹಾಗೇ ಇರಲಿ. ಈ ಮನುಷ್ಯನಿಗೆ ತಾಕತ್ತಿದೆ ಅಂತ ಅವರಿಗೆ ಕಾಣಲಿ. ಆಮೇಲೆ ಮೊದಲಿನ ಹಾಗೇ ತಗೋ. ಇನ್ನೂ ಸ್ವಲ್ಪ ಜಾಸ್ತೀನೇ ಮಾಡಿಸಿಕೊಡ್ತೀನಿ. ನನ್ನ ಮಾತು."

ನನ್ನ ಮಾತು. ನಮ್ಮ ಓಣಿಯ ವ್ಯವಹಾರವೆಲ್ಲ ನಡೆಯುವುದು ಈ ಎರಡು ಪದಗಳ ಮೇಲೆ. ರೀಡು ಕಡಿಮೆ ಬಿದ್ದರೆ ನಮ್ಮದೇ ಕಸುಬಿನ, ಪಕ್ಕದ ಮನೆಯ ಕ್ವಿಂತೋ ಒಂದು ಪೆಟ್ಟಿಗೆ ಎತ್ತಿ ಕೊಡುತ್ತಾನೆ, ಚೀಟಿ ಬರೆಯುವುದಿಲ್ಲ. ಅವನಿಗೆ ರೀಡು ಕೂರಿಸುವ ಮೇಣ ಮುಗಿದರೆ ನಮ್ಮ ಬಾಣಲೆಯಿಂದಲೇ ಒಯ್ಯುತ್ತಾನೆ. ಮಾತು ತಪ್ಪಿದವನಿಗೆ ಇಲ್ಲಿ ಒಂದು ಮೊಳೆಯೂ ಹುಟ್ಟುವುದಿಲ್ಲ. ಉಬಾಲ್ದೊ ಆಡಿದ್ದು ಓಣಿಯ ಮಾತು, ಆಡಿಸಿದ್ದು ಬ್ಯಾಂಕು. ನಮಗೆ ಕೇಳಿಸಿದ್ದು ಓಣಿ ಮಾತ್ರ. ಬೇರೆ ಊರಿನವನಾಗಿದ್ದರೆ ಬರೆದುಕೊಡಿ ಎನ್ನುತ್ತಿದ್ದ. ನಮ್ಮವನ ಹತ್ತಿರ ಹಾಗೆ ಕೇಳುವುದು ಅವನ ಸತ್ತ ತಾಯಿಗೆ ಬೈದ ಹಾಗೆ.

ಸೊನ್ನೆಗೆ ತರಲು ಮೂವತ್ತು ಸಾವಿರ ಯೂರೋ ಬೇಕಾಗಿತ್ತು. ಎಲ್ವಿಯೋ ಕಾರು ಮಾರಿದ. ನಾನು ಕೂಡಿಟ್ಟದ್ದನ್ನೆಲ್ಲ ಗೊಣಗಿಕೊಂಡೇ ಕೊಟ್ಟೆ. ಕ್ವಿಂತೋ ಕೈಲಾದಷ್ಟು ಕೊಟ್ಟ. ಇನ್ನೂ ಆರು ಸಾವಿರ ಕಡಿಮೆ ಬಿತ್ತು. ಅದಕ್ಕೆ ನಾವು ದೇರ್ನಾ ಚಿಕ್ಕಮ್ಮನ ಮನೆಗೆ ಹೋದೆವು.

ನೆಂಟಸ್ತಿಕೆಯೇನಿಲ್ಲ, ಅವಳು ಓಣಿಗೆಲ್ಲ ಚಿಕ್ಕಮ್ಮ. ಎಂಬತ್ತು ದಾಟಿದ್ದರೂ ಇನ್ನೂ ತಿದಿ ಮಡಚುತ್ತಿದ್ದಳು. ಅವಳು ಮಡಚಿದ ತಿದಿಯಿಂದ ಗಾಳಿ ಸೋರುವುದಿಲ್ಲ. ಅವಳ ಗಂಡ ಸೆತ್ತಿಮಿಯೋ ಊರ ಸ್ಮಶಾನದ ಗೋಡೆಯಲ್ಲಿ, ಎರಡನೆಯ ಸಾಲಿನ ಗೂಡಿನಲ್ಲಿ ಮಲಗಿದ್ದಾನೆ. ನಮ್ಮಲ್ಲಿ ಶವಪೆಟ್ಟಿಗೆಯನ್ನು ಗೋಡೆಯ ಗೂಡಿನೊಳಗಿಟ್ಟು ಕಲ್ಲು ಮುಚ್ಚುತ್ತಾರೆ. ಪಕ್ಕದ ಗೂಡು ಖಾಲಿ. ಅದನ್ನು ಪುರಸಭೆಯವರು ವರ್ಷದ ಕೊನೆಯ ತನಕ ಅವಳಿಗಾಗಿ ಹಿಡಿದಿಟ್ಟಿದ್ದರು. ಅಷ್ಟರಲ್ಲಿ ಹಣ ಕಟ್ಟದಿದ್ದರೆ ಕೇಳಿದವರಿಗೆ ಕೊಟ್ಟುಬಿಡುತ್ತಾರೆ. ಆ ಗೂಡಿನ ದುಡ್ಡೇ ಅವಳ ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ದದ್ದು.

ಅವಳು ಡಬ್ಬಿಯನ್ನೇ ಎತ್ತಿ ಎಲ್ವಿಯೋನ ಮುಂದಿಟ್ಟಳು. "ತಗೋ. ಆದ್ರೆ ಕ್ರಿಸ್‌ಮಸ್ಸಿಗೆ ಮುಂಚೆ ವಾಪಸ್ ಬರಬೇಕು. ಸೆತ್ತಿಮಿಯೋ ಪಕ್ಕದಲ್ಲಿ ಇನ್ಯಾವಳಾದ್ರೂ ಬಂದು ಮಲಗಿದ್ರೆ ನಾನು ಸುಮ್ಮನೆ ಇರೋಳಲ್ಲ. ಸತ್ತ ಮೇಲೂ ಜಗಳ ಮಾಡ್ತೀನಿ."

"ಒಂದು ವಾರ ಸಾಕು ಚಿಕ್ಕಮ್ಮ," ಎಂದ ಎಲ್ವಿಯೋ. "ನನ್ನ ಮಾತು."

ಶುಕ್ರವಾರ ಹಣ ಕಟ್ಟಿದ. ಉಬಾಲ್ದೊ ಕುರ್ಚಿಯಿಂದ ಎದ್ದು ಕೈ ಕುಲುಕಿದನಂತೆ. ಮನೆಗೆ ಬಂದ ಎಲ್ವಿಯೋ ಕೋಟನ್ನೂ ಬಿಚ್ಚದೆ, "ಸೊನ್ನೆ ನೋಡಿದೆ ಕಣೆ," ಎಂದ. "ಅಪ್ಪ ಇದನ್ನ ನೋಡಲೇ ಇಲ್ಲ." ಅವನು ಅಷ್ಟು ಸಂತೋಷವಾಗಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ನನಗೂ ಹಿತವಾಯಿತು.

ಮುಂದಿನ ವಾರ ಮರದ ವ್ಯಾಪಾರಿಯ ಫೋನು ಬಂತು. ಓವರ್‌ಡ್ರಾಫ್ಟಿನ ಮೇಲೆ ನಾವು ಅವನಿಗೆ ಕಳಿಸಿದ ಹಣ ಬ್ಯಾಂಕಿನಿಂದ ಹೊರಟೇ ಇರಲಿಲ್ಲ. ಅದರ ಹಿಂದೆಯೇ ರಿಜಿಸ್ಟರ್ಡ್ ಕಾಗದ ಬಂತು. ನಿಮ್ಮ ಓವರ್‌ಡ್ರಾಫ್ಟನ್ನು ತಕ್ಷಣದಿಂದ ಹಿಂದಕ್ಕೆ ಪಡೆಯಲಾಗಿದೆ, ಇಷ್ಟೇ. ಕಾರಣವಿಲ್ಲ, ಕ್ಷಮೆಯಿಲ್ಲ. ಎಲ್ವಿಯೋ ಅದನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡು ಬ್ಯಾಂಕಿಗೆ ಹೋದ. ಡೈರೆಕ್ಟರು ಅಂಕೋನಾದಲ್ಲಿ ಮೀಟಿಂಗಿನಲ್ಲಿದ್ದಾರೆ ಎಂದಳು ಕೌಂಟರಿನ ಹುಡುಗಿ. ಮರುದಿನವೂ ಅಂಕೋನಾ. ಅದರ ಮರುದಿನವೂ ಅಂಕೋನಾ. ಆ ಶನಿವಾರ ಉಬಾಲ್ದೊ ವೈನಿಗೆ ಬರಲಿಲ್ಲ. ಚರ್ಚಿನ ಹಿಂದಿನ ದಾರಿ ಬಳಸಿ ಅವನು ಮನೆಗೆ ಹೋಗುವುದನ್ನು ನಾನೇ ಕಂಡೆ.

ಬೇರೆ ಬ್ಯಾಂಕಿಗೂ ಹೋಗಿ ಬಂದೆವು. ಒಂದು ಬ್ಯಾಂಕು ಕೈಬಿಟ್ಟವನ ಹೆಸರು ಉಳಿದ ಬ್ಯಾಂಕುಗಳಿಗೆ ಅವನಿಗಿಂತ ಮೊದಲೇ ತಲುಪಿರುತ್ತದೆ. ಅವರು ಕಾಫಿ ಕೊಟ್ಟು ಕಳಿಸಿದರು.

ಬರಬೇಕಾದ ದುಡ್ಡು ಒಂದೇ ಒಂದಿತ್ತು. ಫಿನ್‌ಲ್ಯಾಂಡಿನ ಗಿರಾಕಿಗೆ ಕಳಿಸಿದ ಅಕಾರ್ಡಿಯನ್ನಿನದು, ಎಂಟು ಸಾವಿರ. ಡಿಸೆಂಬರಿನ ಮೊದಲಲ್ಲಿ ಅದು ಬಂತು. ಅದರಿಂದ ರೀಡು, ತೊಗಲು ತಂದರೆ ವಸಂತಕ್ಕೆ ಒಪ್ಪಿಕೊಂಡಿದ್ದ ಮೂರು ಅಕಾರ್ಡಿಯನ್ ಶುರು ಮಾಡಬಹುದಿತ್ತು, ಕುಂಟುತ್ತಲಾದರೂ ಬೇಸಿಗೆ ಮುಟ್ಟಬಹುದಿತ್ತು. ಚಿಕ್ಕಮ್ಮನಿಗೆ ಕೊಟ್ಟರೆ ಮಿಕ್ಕದ್ದು ಕೆಲಸದವರ ಬಾಕಿ ಸಂಬಳಕ್ಕೂ ಸಾಲುತ್ತಿರಲಿಲ್ಲ. ಅಲ್ಲಿಗೆ ಅಂಗಡಿ ಮುಚ್ಚಿದ ಹಾಗೆ.

"ಕ್ವಿಂತೋ ಕಾಯ್ತೀನಿ ಅಂದಿದಾನೆ," ಎಂದೆ ನಾನು. "ನಾನೂ ಕಾಯ್ತೀನಿ, ಬೈಕೊಂಡು ಕಾಯ್ತೀನಿ. ಚಿಕ್ಕಮ್ಮನ್ನೂ ಒಂದು ಮಾತು ಕೇಳು. ಗಟ್ಟಿಮುಟ್ಟಾಗಿದಾಳೆ, ಈಗಲೇ ಏನು ಅವಸರ? ಬೇರೆ ಗೋಡೇಲಿ ಗೂಡು ಸಿಗಲ್ವಾ?"

"ಗೂಡು ಸಿಗುತ್ತೆ. ಸೆತ್ತಿಮಿಯೋ ಸಿಗಲ್ಲ."

"ಅಪ್ಪ ಕಟ್ಟಿದ ಅಂಗಡಿ ಕಣೋ ಇದು."

"ಅಪ್ಪ ಇದ್ದಿದ್ರೆ ಏನು ಮಾಡ್ತಿದ್ದ, ಹೇಳು."

ಅದರ ಉತ್ತರ ನನಗೆ ಬೇಕಾಗಿರಲಿಲ್ಲ. ಅವನು ಆಗಲೇ ಎಲ್ಲ ಮಾತಾಡಿಕೊಂಡು ಬಂದಿದ್ದ. ಯಂತ್ರಗಳನ್ನು ಕ್ವಿಂತೋ ತನ್ನ ಬಾಕಿಗೆ ಹಿಡಿದುಕೊಂಡು ಮೇಲಿಷ್ಟು ಕೊಡುತ್ತಾನೆ, ಅದು ಕೆಲಸದವರಿಗೆ. ಅವರಲ್ಲಿ ಒಬ್ಬನನ್ನು ಅವನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಎಲ್ವಿಯೋನನ್ನೂ. ಅರವತ್ತು ದಾಟಿದ ಮೇಲೆ ನನ್ನ ಅಣ್ಣ ಇನ್ನೊಬ್ಬನ ಕೋಣೆಯಲ್ಲಿ ಸಂಬಳಕ್ಕೆ ಕೂರಬೇಕು. ನನ್ನ ದುಡ್ಡಿನ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವತ್ತು ನಾನು ಒಲೆ ಹಚ್ಚಲಿಲ್ಲ. ಇಬ್ಬರೂ ಒಣ ಬ್ರೆಡ್ಡು ತಿಂದೆವು.

ಚಿಕ್ಕಮ್ಮನಿಗೆ ಹಣ ಕೊಡುವಾಗ ನಾನೂ ಹೋಗಿದ್ದೆ. ಇರಲಿ ಬಿಡು ಮಗನೇ, ಅವಸರವಿಲ್ಲ ಎಂದು ಅವಳು ಹೇಳಿಯಾಳು ಎಂಬ ಆಸೆ ನನಗೆ ಕೊನೆಯ ನೋಟಿನ ತನಕ ಇತ್ತು. ಅವಳಿಗೂ ಎಲ್ಲ ಗೊತ್ತಿತ್ತು. ಇಡೀ ಊರಿಗೆ ಗೊತ್ತಿತ್ತು. ಅವಳು ಬೆರಳಿಗೆ ಎಂಜಲು ಹಚ್ಚಿಕೊಂಡು ಎಣಿಸಿದಳು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು, ಆಮೇಲೆ ಎಲ್ವಿಯೋನ ಕೆನ್ನೆ ಹಿಡಿದು, "ನಿಮ್ಮಪ್ಪನ ಮಗ," ಎಂದಳು. ಆ ಗಳಿಗೆಯಲ್ಲಿ ನನಗೆ ಅವಳನ್ನು ಕಂಡರೆ ಮೈಯೆಲ್ಲ ಉರಿಯಿತು.

ಮರುದಿನ ನನ್ನ ತೋಳು ಹಿಡಿದುಕೊಂಡೇ ಅವಳು ಪುರಸಭೆಗೆ ಹೋಗಿ ಹಣ ಕಟ್ಟಿದಳು. ಅಲ್ಲಿಂದ ಸ್ಮಶಾನದ ಏರು ಹತ್ತಿದೆವು. ಸೆತ್ತಿಮಿಯೋನ ಫೋಟೋದ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿದಳು. ಪಕ್ಕದ ಗೂಡಿಗೆ ಮುಚ್ಚಿದ್ದ ಬರಿಯ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಳು. ಗಾಳಿ ಜೋರಾಗಿತ್ತು. "ಚಳಿ ಕಣೆ ಇಲ್ಲಿ," ಎಂದಳು, "ಆದ್ರೆ ಇವನ ಪಕ್ಕ ಅಲ್ವಾ." ನನಗೆ ಅಳು ಬಂತು. ಸಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ. ಆ ಸಿಟ್ಟು ಯಾರ ಮನೆಗೆ ಹೋಗಬೇಕಾಗಿತ್ತೋ ಆ ಮನೆ ಗೊತ್ತಾಯಿತು.

ಆದರೆ ನಾನು ಹೋಗಬೇಕಾಗಲಿಲ್ಲ. ಅಂಗಡಿಯ ಕೊನೆಯ ಶನಿವಾರ ಉಬಾಲ್ದೊನೇ ಬಂದ. ಯಂತ್ರಗಳು ಕ್ವಿಂತೋನ ಮನೆ ಸೇರಿದ್ದವು. ಹಳೆಯ ಗಿರಾಕಿಯೊಬ್ಬನ ರಿಪೇರಿ ಮಾತ್ರ ಉಳಿದಿತ್ತು. ಎಲ್ವಿಯೋ ರಾಳ ಬೆರೆಸಿದ ಜೇನುಮೇಣವನ್ನು ಸಣ್ಣ ಒಲೆಯ ಮೇಲೆ ಕರಗಿಸಿಕೊಂಡು ರೀಡುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದ. ನಾನು ರೀಡು ಎತ್ತಿ ಕೊಡುತ್ತಿದ್ದೆ. ಬಾಗಿಲು ತೆರೆದು ಉಬಾಲ್ದೊ ಅಲ್ಲೇ ನಿಂತ. ಎರಡು ತಿಂಗಳಿಂದ ಬೈಗುಳ ಕೂಡಿಟ್ಟಿದ್ದ ನಾನು ರೀಡುಗಳನ್ನು ಸಾಲಾಗಿ ಜೋಡಿಸತೊಡಗಿದೆ.

"ಎಲ್ವಿಯೋ," ಎಂದ.

"ಒಂದೇ ಕೇಳ್ತೀನಿ," ಎಂದ ನನ್ನ ಅಣ್ಣ, ತಲೆ ಎತ್ತದೆ. "ಸೊನ್ನೆಗೆ ತಾ ಅಂದೆಯಲ್ಲ, ಆವತ್ತೇ ನಿನಗೆ ಗೊತ್ತಿತ್ತಾ?"

"ಸಾಲ ನಿಲ್ಲಿಸಬೇಕಾದವರ ಪಟ್ಟಿ ಮಿಲಾನಿಂದ ಬಂದಿತ್ತು ಕಣೋ. ನಿನ್ನ ಹೆಸರಿತ್ತು. ಹೇಗಿದ್ರೂ ವಸೂಲಿ ಮಾಡ್ತಿದ್ರು. ಕೋರ್ಟು, ವಕೀಲರು, ಆಮೇಲೆ ಮನೆ ಜಪ್ತಿ. ಅಷ್ಟೆಲ್ಲಾ ಆಗೋದು ಬೇಡ ಅಂತ ನಾನು…"

"ಗೊತ್ತಿತ್ತಾ?"

"ಗೊತ್ತಿತ್ತು."

ಎಲ್ವಿಯೋ ಒಂದು ರೀಡು ಕೂರಿಸಿ ಅಂಚಿಗೆ ಮೇಣ ಸುರಿದ.

"ನನ್ನ ಕಾರು ಹೋಯ್ತು, ಅಂಗಡಿ ಹೋಯ್ತು," ಎಂದ ಎಲ್ವಿಯೋ. "ಬ್ಯಾಂಕಿನ ದುಡ್ಡು ತಿಂದೋನು ನಾನು, ಬ್ಯಾಂಕು ತಗೊಂತು. ಅದಕ್ಕೆ ನಿನ್ನ ಏನೂ ಅನ್ನಲ್ಲ. ದೇರ್ನಾ ಚಿಕ್ಕಮ್ಮ ನಿಮ್ಮ ಬ್ಯಾಂಕಿಗೆ ಒಂದು ಕಾಸೂ ಕೊಡಬೇಕಾಗಿರಲಿಲ್ಲ. ನಿಮ್ಮಮ್ಮನ ಪಕ್ಕ ಕೂತು ರಟ್ಟು ಮಡಚಿದೋಳು ಅವಳು. ಅವಳ ಗೂಡಿನ ದುಡ್ಡು ತರಿಸಿಕೊಂಡಿದ್ದು ಬ್ಯಾಂಕಲ್ಲ, ನೀನು."

"ಅದು ಅವಳ ದುಡ್ಡು ಅಂತ ನನಗೇನು ಗೊತ್ತು?"

"ಇನ್ಯಾರ ಹತ್ರ ಹೋಗ್ತೀನಿ ನಾನು? ನಮ್ಮ ಓಣೀನೇ ನಿನಗೆ ಗೊತ್ತಿಲ್ವಾ?"

ಬ್ಯಾಂಕಿನಲ್ಲಿ ಎಷ್ಟೋ ಜನರನ್ನು ಮಾತಿನಲ್ಲೇ ಮನೆಗೆ ಕಳಿಸಿದವನು ಉಬಾಲ್ದೊ. ಅಂಥವನು, "ನಾನೀಗ ಏನು ಮಾಡ್ಲಿ, ನೀನೇ ಹೇಳು," ಎಂದ. ಕಣ್ಣು ಒದ್ದೆಯಾಗಿತ್ತು. ಸುಳ್ಳು ಕಣ್ಣೀರಲ್ಲ ಅದು. ಅದೇ ನನಗೆ ಹೆಚ್ಚು ಸಂಕಟವಾಗಿದ್ದು.

ಎಲ್ವಿಯೋ ಆಗ ತಲೆ ಎತ್ತಿದ. ಒಟ್ಟಿಗೆ ಹಾಲುಹಲ್ಲು ಬಿದ್ದ ಗೆಳೆಯನನ್ನು ಅವನು ಒಂದು ಗಳಿಗೆ ನೋಡಿದ, ಕೌಂಟರಿನ ಆಚೆ ಕೂತ ಗುರುತಿಲ್ಲದವರನ್ನು ನೋಡುವ ಹಾಗೆ, ಮರ್ಯಾದೆಯಿಂದ.

"ಬಾಗಿಲು ಹಾಕ್ಕೊಂಡು ಹೋಗಿ, ಡೈರೆಕ್ಟರೇ," ಎಂದ. "ಗಾಳಿಗೆ ಮೇಣ ಗಟ್ಟಿಯಾಗುತ್ತೆ."

ಉಬಾಲ್ದೊ ಬಾಗಿಲು ಹಾಕಿಕೊಂಡು ಹೋದ. ನಾನು ಮುಂದಿನ ರೀಡು ಎತ್ತಿ ಕೊಟ್ಟೆ.