ಹೇಳಿಕೊಳ್ಳುವುದೇನೂ ಇಲ್ಲ

ಎಡಗಾಲಿನ ಲೇಸು ಕಟ್ಟಿ ಮುಗಿಯುವ ಹೊತ್ತಿಗೆ ಗೋಡೆಯ ಮೇಲಿದ್ದ ಬಿಸಿಲು ಇಳಿದು ಮಂಚದ ಕಾಲಿಗೆ ಬಂದಿತ್ತು. ಬೆನ್ನು ಬಾಗದ ಮನುಷ್ಯ ಬೂಟು ಕಟ್ಟಿಕೊಳ್ಳುವ ಉಪಾಯವನ್ನು ಅವನು ತಾನೇ ಕಂಡುಕೊಂಡಿದ್ದ. ಕುರ್ಚಿಯಲ್ಲಿ ಕುಳಿತು, ಪಾದವನ್ನು ಪಕ್ಕದ ಸ್ಟೂಲಿನ ಮೇಲೆ ಅಡ್ಡಲಾಗಿ ಎಳೆದುಕೊಂಡು, ಬೆರಳಿಗೆ ಎಟುಕಿದ ಕಡೆ ಗಂಟು ಹಾಕುವುದು. ಹೀಗಾಗಿ ಗಂಟು ನಡುವೆ ಕೂರದೆ ಬೂಟಿನ ಮಗ್ಗುಲಿಗೆ ಜಾರಿ ನಿಲ್ಲುತ್ತಿತ್ತು. ಹೆಂಡತಿ ಇದ್ದಾಗ ಈ ಕೆಲಸ ಅವಳದು. "ಬೆನ್ನನ್ನ ಅಲ್ಲಿ ಕೊಟ್ಟು ಬಂದ್ರಿ, ಬೂಟನ್ನ ನಂಗೆ ತಂದ್ರಿ" ಎಂದು ಗೊಣಗುತ್ತಲೇ ಕಟ್ಟುತ್ತಿದ್ದಳು. ಪಿಂಚಣಿಯ ಮೇಲ್ಮನವಿಗೆ ಅವನಿಂದ ಸಹಿ ಹಾಕಿಸಿದವಳೂ ಅವಳೇ. ವಿಚಾರಣೆಯ ದಿನ ಬರುವಷ್ಟರಲ್ಲಿ ಅವಳೇ ಇರಲಿಲ್ಲ.

ಬೀದಿಯ ಮಕ್ಕಳಿಗೆ ಅವನು ಮಿಲಿಟರಿ ಮಾವ. ಬೆಟ್ಟದ ದಾರಿಯಲ್ಲಿ ಮದ್ದುಗುಂಡಿನ ಪೆಟ್ಟಿಗೆಗಳನ್ನು ಹೊತ್ತ ಲಾರಿ ಪಕ್ಕಕ್ಕೆ ಮಗುಚಿದಾಗ ಅವನು ಬಂಡೆಯ ಮೇಲೆ ಬಿದ್ದಿದ್ದ. ವೈದ್ಯರು ಒಂದು ಹಗಲಿನ ದಾರಿಯಷ್ಟು ದೂರ. ಕತ್ತಲಾಗುವುದರೊಳಗೆ ತುಕಡಿ ಮುಂದೆ ಹೋಗಬೇಕು. ಎದ್ದು, ಉಳಿದವರೊಡನೆ ಪೆಟ್ಟಿಗೆಗಳನ್ನು ಎತ್ತಿ ಹಾಕಿದ. ಬೆನ್ನಿನ ಆ ನೋವು ಮತ್ತೆ ಅವನನ್ನು ಬಿಟ್ಟು ಹೋಗಲಿಲ್ಲ. ಅಂಗವೈಕಲ್ಯದ ಪಿಂಚಣಿ ಕೇಳಿದಾಗ ಇಲಾಖೆ ಒಲ್ಲೆನೆಂದಿತ್ತು. ಸೇವೆಯಲ್ಲಿದ್ದಷ್ಟು ಕಾಲ ಈತ ಬೆನ್ನುನೋವೆಂದು ಒಮ್ಮೆಯೂ ದೂರಿಲ್ಲ, ನಿವೃತ್ತಿಯ ದಿನದ ತಪಾಸಣೆಯಲ್ಲೂ ಏನೂ ಇಲ್ಲವೆಂದೇ ಹೇಳಿದ್ದಾನೆ, ಆದ್ದರಿಂದ ಇದು ಸೇವೆಯಿಂದ ಬಂದದ್ದಲ್ಲ. ಮೇಲ್ಮನವಿಯೂ ಬಿದ್ದುಹೋದರೆ ಬೆಳಿಗ್ಗೆ ಹಿಡಿದೆಬ್ಬಿಸಲು ಒಬ್ಬ ಆಳನ್ನು ಇಟ್ಟುಕೊಳ್ಳುವ ಮಾತೂ ಮುಗಿದಂತೆಯೇ.

ನ್ಯಾಯಮಂಡಳಿಯ ಮೊಗಸಾಲೆಯಲ್ಲಿ ವಕೀಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿಯ ಗೆರೆ, ಮಿರುಗುವ ಬೂಟು, ಕಂಬದಂಥ ನಿಲುವು. ಅವಳಿಗೆ ಯಾವುದೂ ಹಿಡಿಸಲಿಲ್ಲ.

"ಯಜಮಾನ್ರೇ, ಇದು ಪದಕ ಕೊಡೋ ಸಭೆ ಅಲ್ಲ. ನೋವಿದ್ರೆ ನೋವು ಅಂತ ಬಾಯಿಬಿಟ್ಟು ಹೇಳಿ. ನೀವು ನೆಟ್ಟಗೆ ನಿಂತ್ರೆ ನಮ್ಮ ಕೇಸು ಮಲಗುತ್ತೆ."

ಅವನು ತಲೆಯಾಡಿಸಿದ. ಹೇಳಬೇಕೆಂದೇ ಅವನೂ ನಿಶ್ಚಯಿಸಿ ಬಂದಿದ್ದ.

ಒಳಗೆ ಎತ್ತರದ ಪೀಠದಲ್ಲಿ ಮೂವರಿದ್ದರು: ನಡುವೆ ನ್ಯಾಯಾಧೀಶರು, ಬಲಕ್ಕೆ ಒಬ್ಬ ವೈದ್ಯರು, ಎಡಕ್ಕೆ ನಿವೃತ್ತ ಸೇನಾಧಿಕಾರಿ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆ ಬಿರಿದು ತಾನಾಗಿಯೇ ಕೂಡಿಕೊಂಡ ಗುರುತು ಇರುವುದು ನಿಜವೆಂದೂ, ಅದು ಎಂದಿನದೆಂದು ಹೇಳುವುದು ಸಾಧ್ಯವಿಲ್ಲವೆಂದೂ ತಿಳಿಸಿದರು. ಇಲಾಖೆಯ ವಕೀಲ ತನ್ನ ಹಳೆಯ ವಾದವನ್ನೇ ಒಪ್ಪವಾಗಿ ಮಂಡಿಸಿ ಕುಳಿತ. ನ್ಯಾಯಾಧೀಶರು ಕನ್ನಡಕ ತೆಗೆದರು.

"ಅವತ್ತು ಏನೂ ಇಲ್ಲ ಅಂದಿರಿ, ಇವತ್ತು ಇದೆ ಅಂತೀರಿ. ನಾವು ಯಾವುದನ್ನ ನಂಬಬೇಕು?"

ತುಕಡಿಯಲ್ಲಿ ವಾರಕ್ಕೊಮ್ಮೆ ಅಧಿಕಾರಿ ಸಾಲಿನುದ್ದಕ್ಕೂ ನಡೆಯುತ್ತ ಹೇಳಿಕೊಳ್ಳುವುದೇನಾದರೂ ಇದೆಯೇ ಎಂದು ಕೇಳುತ್ತಿದ್ದುದೂ, ಇಡೀ ಸಾಲು ಒಂದೇ ಕಂಠದಲ್ಲಿ ಇಲ್ಲವೆನ್ನುತ್ತಿದ್ದುದೂ, ಇದೆಯೆಂದವನ ಹೊರೆ ಪಕ್ಕದವನ ಹೆಗಲಿಗೇರುತ್ತಿದ್ದುದೂ ಅವನಿಗೆ ನೆನಪಾಯಿತು. ಅದನ್ನೆಲ್ಲ ಈ ಕೋಣೆಯಲ್ಲಿ ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ.

ಅಷ್ಟು ಹೊತ್ತೂ ಪೀಠದ ಮೇಲಿಂದ ಅವನ ಬೂಟುಗಳ ಮಗ್ಗುಲಿಗೆ ಜಾರಿದ ಗಂಟುಗಳನ್ನೇ ನೋಡುತ್ತಿದ್ದ ಸೇನಾಧಿಕಾರಿ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಮಾತು ಬಂದದ್ದು ಬೇರೆಯೇ ದನಿಯಲ್ಲಿ, ಬಯಲಿನ ಆ ತುದಿಯವರೆಗೆ ಮುಟ್ಟುವಂಥ ದನಿಯಲ್ಲಿ.

"ಹೇಳಿಕೊಳ್ಳೋದು ಏನಾದ್ರೂ ಇದೆಯಾ?"

ಅವನ ಹಿಮ್ಮಡಿಗಳು ತಾವಾಗಿ ಕೂಡಿದವು.

"ಇಲ್ಲ ಸರ್."

ಎಲ್ಲ ಮುಗಿಯಿತೆಂಬಂತೆ ವಕೀಲಮ್ಮ ಹಣೆಗೆ ಕೈಯಿಟ್ಟುಕೊಂಡಳು. ಇಲಾಖೆಯ ವಕೀಲನ ಮುಖ ಅರಳಿತು. ಸೇನಾಧಿಕಾರಿ ಮಾತ್ರ ಅದೇ ದನಿಯಲ್ಲಿ, ಬಲಗಾಲಿನ ಲೇಸನ್ನು ಬಿಚ್ಚಿ ಸರಿಯಾಗಿ ಕಟ್ಟಿಕೊಳ್ಳುವಂತೆ ಆಜ್ಞೆಯಿತ್ತರು.

ಆಜ್ಞೆ ಆಜ್ಞೆಯೇ. ಅವನು ಬಗ್ಗಿದ. ಮೇಜಿನ ಅಂಚು ಹಿಡಿದು, ಬಲಗಾಲನ್ನು ಓರೆಯಾಗಿ ಚಾಚಿ, ಲೇಸಿನ ತುದಿಯನ್ನು ಹೇಗೋ ಎಟುಕಿಸಿಕೊಂಡು ಎಳೆದ. ಗಂಟು ಬಿಚ್ಚಿತು. ಕಟ್ಟಲು ಇನ್ನಷ್ಟು ಬಗ್ಗಬೇಕಿತ್ತು. ಬೆನ್ನು ಅಲ್ಲೇ ಕಚ್ಚಿಕೊಂಡಿತು. ಹಣೆಯ ಬೆವರು ಬೂಟಿನ ಪಾಲಿಷಿನ ಮೇಲೆ ಬಿತ್ತು. ಬಾಯಿಂದ ಸದ್ದಿಲ್ಲ.

"ಸಾಕು" ಎಂದರು ಅಧಿಕಾರಿ. ದನಿ ಇಳಿದಿತ್ತು. ನ್ಯಾಯಾಧೀಶರ ಕಡೆ ತಿರುಗಿದರು. "ಆ ಪ್ರಶ್ನೆ ನಾನೂ ಕೇಳಿದವನೇ, ಸ್ವಾಮಿ. ಉತ್ತರ ಬೇಕು ಅಂತ ಕೇಳ್ತಿರಲಿಲ್ಲ."

ಮೂವರೂ ತಲೆ ಹತ್ತಿರ ತಂದು ಮಾತಾಡಿಕೊಂಡರು. ದೂರಲಿಲ್ಲ ಎಂಬುದರಿಂದ ನೋವಿರಲಿಲ್ಲ ಎಂದಾಗುವುದಿಲ್ಲ, ಗಾಯ ಸೇವೆಯಲ್ಲೇ ಆದದ್ದೆಂದು ಮಂಡಳಿ ನಂಬುತ್ತದೆ, ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ ಎಂದು ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಹೇಳಿ ಬರೆಸಿದರು. ಮುಂದಿನ ಕೇಸಿನ ಹೆಸರು ಕೂಗಿದರು.

ಹೊರಗೆ ವಕೀಲಮ್ಮ ನಗುತ್ತ, ಲೇಸು ಕಟ್ಟಿಕೊಡುತ್ತೇನೆಂದು ಬಗ್ಗಹೋದಳು. ಅವನು ಕಾಲು ಹಿಂದೆ ತೆಗೆದುಕೊಂಡ. ಬಸ್ಸಿನಲ್ಲೂ ಬೀದಿಯಲ್ಲೂ ಲೇಸು ಅವನ ಹಿಂದೆ ಧೂಳು ಗುಡಿಸುತ್ತ ಬಂತು. ಕೆಳಗಿನ ಮನೆಯ ಟೈಲರಮ್ಮ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದಳು.

"ಮಾವಾ, ಕೇಸು ಏನಾಯ್ತು?"

"ಆಯ್ತಮ್ಮ. ನಮ್ಮ ಕಡೆಗೇ ಆಯ್ತು."

"ಸದ್ಯ. ಅತ್ತೆ ಇರಬೇಕಿತ್ತು, ಬೀದಿಗೆಲ್ಲ ಡಂಗುರ ಹೊಡೀತಿದ್ರು. ಅಯ್ಯೋ, ಲೇಸು ನೋಡಿ, ಮೆಟ್ಟಿಲಲ್ಲಿ ಎಡವ್ತೀರಿ. ಕಟ್ಲಾ?"

"ಏನೂ ಬೇಡಮ್ಮ. ತೊಂದ್ರೆ ಏನಿಲ್ಲ."

ಮೆಟ್ಟಿಲು ಹತ್ತಿ ಮೇಲಿನ ತನ್ನ ಕೋಣೆಗೆ ಬಂದು ಅವನು ಮಂಚದ ಮೇಲೆ ಕುಳಿತ. ಬಲಗಾಲಿನ ಬೂಟು ಒಂದು ಸಲ ಒದರಿದ್ದಕ್ಕೇ ಕಳಚಿ ಬಿತ್ತು. ಎಡಗಾಲಿನದು ಬೆಳಿಗ್ಗೆ ಬಿಗಿದಂತೆಯೇ ಬಿಗಿಯಾಗಿತ್ತು. ಸ್ಟೂಲು ಕಿಟಕಿಯ ಬಳಿ ಇತ್ತು; ಬೆನ್ನು ಅಷ್ಟು ದೂರಕ್ಕೂ ಏಳಗೊಡಲಿಲ್ಲ. ಬೆಳಕು ಕುಂದಿತು. ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಬರೀ ಕಾಲುಚೀಲ.

ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಅದು ನಿಂತಾಗ ಅವನು ಮಂಚಕ್ಕೊರಗಿಸಿದ್ದ ಕೋಲನ್ನು ತೆಗೆದುಕೊಂಡ. ಅದರ ತುದಿ ನೆಲದಿಂದ ಒಂದು ಗೇಣು ಮೇಲೆ, ಟೈಲರಮ್ಮನನ್ನು ಕರೆಯಲು ನೆಲ ಕುಟ್ಟಲೆಂದು ಎತ್ತಿದ್ದು, ಹಾಗೆಯೇ ನಿಂತಿತ್ತು.