ಮಕ್ಕಳು ನಡೆಯುವ ಓಣಿಯಲ್ಲಿ ಇಪ್ಪತ್ತೇ ಸಾಕು

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಬೆಳಗಿನ ಬಿಸಿಲು ಇನ್ನೂ ಮಾಳಿಗೆಯಿಂದ ಕೆಳಗಿಳಿದಿರಲಿಲ್ಲ. ಜಗಳೂರಿನ ಆ ಓಣಿಯಲ್ಲಿ ಜನ ಆಗಲೇ ರಸ್ತೆ ಗುಡಿಸಿ ಮೆಕ್ಕೆಜೋಳ ಹರವುತ್ತಿದ್ದರು. ಅರ್ಧ ರಸ್ತೆಗೆ ಕಾಳು, ಅದರ ಸುತ್ತ ಸಾಲುಗಲ್ಲು. ಸುಗ್ಗಿ ಬಂತೆಂದರೆ ಅಲ್ಲಿ ಇದೇ ಪದ್ಧತಿ.

ಐದನೇ ಕ್ಲಾಸಿನ ಪೂಜಾ ಬ್ಯಾಗು ಹೆಗಲಿಗೇರಿಸಿ, ಕಲ್ಲುಗಳನ್ನು ಸುತ್ತಿಕೊಂಡು ರಸ್ತೆಯ ನಡುವಿಗೆ ಬಂದಳು. ಅದೇ ಹೊತ್ತಿಗೆ ಬೈಕೊಂದು ಸುಂಯ್ಯನೆ ನುಗ್ಗಿತು. ಅಜ್ಜಿ ಗಾದ್ರಮ್ಮ ಕೈಲಿದ್ದ ಪೊರಕೆ ಬಿಸಾಡಿ ಮೊಮ್ಮಗಳ ಜಡೆ ಹಿಡಿದು ಎಳೆದಳು. ಬೈಕು ನಿಲ್ಲಲೇ ಇಲ್ಲ.

ಪೂಜಾಳ ತಾಯಿ ನಾಗರತ್ನ ಅವತ್ತೇ ಪಟ್ಟು ಹಿಡಿದಳು. "ನೋಡ್ರಿ, ಇವಳನ್ನ ಇನ್ನು ಒಬ್ಬಳೇ ಕಳ್ಸಾಕೆ ನನ್ನ ಕೈಲಾಗಲ್ಲ. ನೀವೇ ಬಿಟ್ಟು ಬರ್ರಿ. ಆಗಲ್ಲಂದ್ರೆ ನಮ್ಮವ್ವನ ಊರಿಗೆ ಕಳ್ಸಿ ಅಲ್ಲೇ ಶಾಲೆಗೆ ಸೇರಿಸ್ತೀನಿ."

ಗಂಡ ರಂಗಣ್ಣ ಲಗೇಜ್ ಆಟೋದವನು. ಸುಗ್ಗಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಚೀಲ ಹೇರಲು ಹೋಗಬೇಕು. ಹಾಗಂತ ಮಗಳನ್ನು ಕಳಿಸಿಬಿಡುವುದೇ? ಪೂಜಾ ಇಲ್ಲದ ಮನೆ ಅವನಿಗೆ ಬೇಡವೇ ಬೇಡ.

"ಮಣ್ಣಿನ ದಾರಿ ಇದ್ದಾಗ ಈ ಕಾಟ ಇರ್ಲಿಲ್ಲ ಕಣ್ಲಾ ರಂಗ," ಅಂದಳು ಗಾದ್ರಮ್ಮ. "ಗುಂಡಿಗಳೇ ಪೊಲೀಸ್ರಾಗಿದ್ವು."

ಆ ಮಾತಿಗೆ ರಂಗಣ್ಣನಿಗೆ ಹುರುಪು ಬಂತು. ಸಂಜೆ ಓಣಿಯವರನ್ನು ಕೂಡಿಸಿ, ಸಿಮೆಂಟು ಕಲಸಿ, ರಸ್ತೆಗೆ ಅಡ್ಡಲಾಗಿ ಹಂಪ್ ಕಟ್ಟಿಯೇಬಿಟ್ಟ. ಹೊಲದ ಬದುವಿನಂಥದ್ದು. ಬಣ್ಣ ಇಲ್ಲ, ಬೋರ್ಡು ಇಲ್ಲ.

ಮಾರನೇ ದಿನ ನಸುಕಿನಲ್ಲಿ ಹಾಲಿನ ದುರುಗಪ್ಪ ಅದು ಕಾಣದೆ ಮೊಪೆಡ್ ಸಮೇತ ಬಿದ್ದ. ಮೊಣಕೈ ಮೂಳೆ ಮುರಿಯಿತು. "ನಾನು ಜೋರಾಗಿ ಬಂದೋನಲ್ಲಪ್ಪಾ," ಎಂದು ಅವನು ನರಳುವಾಗ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ರಂಗಣ್ಣನಿಗೆ ಹಿಂತಿರುಗಿ ನೋಡಲು ಮುಖವಿರಲಿಲ್ಲ.

ವಾಪಸ್ಸು ಬಂದಾಗ ಎದುರುಮನೆಯ ಕಲ್ಲೇಶ್ ಕಾಯುತ್ತಿದ್ದರು. ಜೀವಮಾನವಿಡೀ ಬಸ್ಸು ಓಡಿಸಿ ರಿಟೈರ್ ಆದವರು.

"ಹಂಪ್ ಬೇಕು ರಂಗಣ್ಣ, ಆದ್ರೆ ಹಿಂಗಲ್ಲ. ಅಗಲಕ್ಕಿರ್ಬೇಕು, ಮೆಲ್ಲಗೆ ಏರಿ ಮೆಲ್ಲಗೆ ಇಳೀಬೇಕು. ಬಿಳಿ ಪಟ್ಟೆ ಬೇಕು, ದೂರದಿಂದ್ಲೇ ಬೋರ್ಡ್ ಕಾಣ್ಬೇಕು. ಪಟ್ಟಣ ಪಂಚಾಯ್ತಿಗೆ ಅರ್ಜಿ ಕೊಟ್ಟು ಹಾಕಿಸ್ಬೇಕು. ಜೊತೆಗೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮಿತಿ ಕೇಳಾನ."

"ಇಪ್ಪತ್ತಾ? ಎಮ್ಮೆ ಮೇಲೆ ಹೋದಂಗಾಯ್ತು ಬಿಡ್ರಿ! ಕಲ್ಲೇಶಣ್ಣ, ನಾನು ನಲವತ್ತರಲ್ಲಿ ಬಂದ್ರೂ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ತೀನಿ. ತಪ್ಪೆಲ್ಲ ಆ ಬೈಕ್ ಹುಡುಗ್ರದ್ದು."

"ಹೌದಾ? ಬಾ, ನೋಡೇಬಿಡಾನ."

ಊರಾಚೆಯ ಖಾಲಿ ಬಯಲಲ್ಲಿ ಕಲ್ಲೇಶ್ ಜೋಳದ ಸಿಪ್ಪೆ ತುಂಬಿದ ಚೀಲವೊಂದನ್ನು ನಿಲ್ಲಿಸಿದರು. ಅದರ ಮುಂದೆ ಒಂದಷ್ಟು ದೂರ ಬಿಟ್ಟು ಸುಣ್ಣದ ಗೆರೆ ಎಳೆದರು. ಗಾಡಿ ಗೆರೆ ಮುಟ್ಟಿದಾಗ ಸೀಟಿ ಹೊಡೆಯುತ್ತಾರೆ. ಆಗ ಬ್ರೇಕ್ ಒತ್ತಬೇಕು.

ಇಪ್ಪತ್ತರಲ್ಲಿ ಆಟೋ ಚೀಲಕ್ಕಿಂತ ಮುಂಚೆಯೇ ನಿಂತಿತು. ರಂಗಣ್ಣ ಮೀಸೆಯಡಿ ನಕ್ಕ. ನಲವತ್ತರಲ್ಲಿ ಬಂದ. ಸೀಟಿ ಕೇಳಿತು, ಬ್ರೇಕ್ ಒತ್ತಿದ. ಧಡ್! ಚೀಲ ಹಾರಿ ಬಿತ್ತು, ಸಿಪ್ಪೆಯೆಲ್ಲ ಚೆಲ್ಲಾಪಿಲ್ಲಿ.

"ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗೋವರೆಗೂ ಗಾಡಿ ಓಡ್ತಾನೇ ಇರ್ತೈತೆ," ಅಂದರು ಕಲ್ಲೇಶ್. "ವೇಗ ಎರಡರಷ್ಟಾದ್ರೆ, ನಿಲ್ಲಾಕೆ ಬೇಕಾದ ಜಾಗ ಎರಡರಷ್ಟಕ್ಕಿಂತ್ಲೂ ಹೆಚ್ಚು. ಪೆಟ್ಟೂ ಹಂಗೇ ಜೋರು. ಸೀಟಿ ಹೊಡೀತೀನಿ ಅಂತ ನಿಂಗೆ ಮೊದ್ಲೇ ಗೊತ್ತಿತ್ತು. ಮಗು ಸೀಟಿ ಹೊಡ್ದು ರಸ್ತೆಗೆ ಇಳೀತೈತೇನಪ್ಪಾ?"

ರಂಗಣ್ಣ ಇಳಿದು ಸಿಪ್ಪೆ ಬಾಚಿ ತುಂಬಿ ಚೀಲ ಎತ್ತಿ ನಿಲ್ಲಿಸಿದ. ಅದು ಅವನ ಎದೆಯ ಕೆಳಗೆ ಬಂತು. ಪೂಜಾಳ ಎತ್ತರ.

ಅವತ್ತೇ ಹಾರೆ ಹಿಡಿದು, ಕಟ್ಟಿದ್ದ ಹಂಪನ್ನು ತಾನೇ ಒಡೆದ. ನಾಗರತ್ನ ಮನೆಮನೆಗೆ ಹೋಗಿ ಅರ್ಜಿಗೆ ಸಹಿ ಹಾಕಿಸಿದಳು.

"ರಸ್ತೆ ಮೇಲೆ ಜೋಳ, ಕಲ್ಲು ಎರಡೂ ಬ್ಯಾಡ," ಅಂದರು ಕಲ್ಲೇಶ್. "ಅವನ್ನ ಸುತ್ತಿಕೊಂಡು ಹೋಗಾಕೇ ಮಕ್ಕಳು ನಡುರಸ್ತೆಗೆ ಬರ್ತಾರೆ."

"ಮಾಳಿಗೆ ಮೇಲೆ ಒಣಗಿಸ್ತೀವಿ ಬಿಡು," ಗಾದ್ರಮ್ಮ ಗೊಣಗಿದಳು. "ನನ್ನ ಮಂಡಿಗೆ ಮೆಟ್ಲು ಹತ್ತಾಕಾಗಲ್ಲ. ಚೀಲ ರಂಗನೇ ಹೊರ್ಲಿ."

"ಬೋರ್ಡ್ ಬಂದ ಮ್ಯಾಲೆ ನೋಡು, ಇಪ್ಪತ್ತು ದಾಟಲ್ಲ," ಅಂದ ರಂಗಣ್ಣ.

"ಬೋರ್ಡ್ ಬರೋವರೆಗೂ ಕಾಯ್ಬೇಕೇನ್ರಿ? ನಿಮ್ಮ ಕಾಲು ನಿಮ್ಮತ್ರಾನೇ ಐತಲ್ಲ," ಅಂದಳು ನಾಗರತ್ನ.

ಅಂದಿನಿಂದ ಅವನ ಆಟೋ ಓಣಿಯಲ್ಲಿ ಮೆಲ್ಲಗೆ ಸಾಗಿತು. ಹಿಂದಿನ ಗಾಡಿಯವರು ಹಾರನ್ ಹೊಡೆದರು, ಬೈದರು, ಆಮೇಲೆ ಅವರೂ ಮೆಲ್ಲಗಾದರು. ಪಂಚಾಯ್ತಿಯವರು ಬಂದು ಅಳತೆ ಮಾಡಿ ಹಂಪ್ ಹಾಕಿದರು, ಬಿಳಿ ಪಟ್ಟೆ ಬಳಿದರು, ಇಪ್ಪತ್ತರ ಬೋರ್ಡು ನೆಟ್ಟರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಓಣಿಯಲ್ಲೂ ಮಕ್ಕಳು ನಡೆಯುತ್ತಾರೆ. ಮನೆಗಳ ನಡುವೆ ಗಾಡಿ ಬಂದ ಕೂಡಲೇ ವೇಗ ಇಳಿಸಿ. ಹಂಪ್ ಬೇಕಿದ್ದರೆ ಎಲ್ಲರೂ ಸೇರಿ ಅರ್ಜಿ ಕೊಡಿ, ನೀವೇ ಕಟ್ಟಬೇಡಿ. ಬೇರೆಯವರು ಮೆಲ್ಲಗೆ ಹೋಗಲಿ ಎಂದು ಕಾಯಬೇಡಿ, ನೀವೇ ಮೊದಲಾಗಿ.

ಪೂಜಾ ತಾಯಿಯ ತವರೂರಿಗೆ ಹೋಗಲಿಲ್ಲ. ಸಂಕ್ರಾಂತಿ ಕಳೆದ ಸೋಮವಾರ ಬೆಳಿಗ್ಗೆ, ಬ್ಯಾಗು ಹೆಗಲಿಗೇರಿಸಿ, ಒಬ್ಬಳೇ ಶಾಲೆಗೆ ಹೊರಟಳು.