ಹೂಂ ಅನ್ನಿ, ಆವಲಪ್ಪ ತಾತ

ಸಮೇತನಹಳ್ಳಿಯ ಆವಲಪ್ಪ ತಾತ ಎಂಡೋಸ್ಕೋಪಿಗೆ ಬಂದದ್ದು ಇದು ಎರಡನೇ ಸಲ. ಮೊದಲ ಸಲ ನಳಿಕೆ ಗಂಟಲು ದಾಟುವ ಮುಂಚೆಯೇ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹುಲ್ಲಿನ ಮೆದೆಯಿಂದ ಹಾವು ಎಳೆದಂತೆ ಎಳೆದು, ಡಾಕ್ಟರ ಕೈಗೆ ಕೊಟ್ಟು ಹೊರಟುಹೋಗಿದ್ದರು. ಚಪ್ಪಲಿ ನಮ್ಮ ಆಸ್ಪತ್ರೆಯಲ್ಲೇ ಉಳಿದಿತ್ತು. ಅದಕ್ಕೊಂದು ಹೆಸರಿನ ಚೀಟಿ ಅಂಟಿಸಿ ಇಟ್ಟಿದ್ದೆ.

ಮೂರು ವಾರದಿಂದ ಅವರಿಗೆ ಮಲ ಕಪ್ಪಗೆ ಹೋಗುತ್ತಿತ್ತು, ಒಳಗೆಲ್ಲೋ ರಕ್ತ ಸೋರುತ್ತಿರುವ ಗುರುತು. ಅವರ ಅಣ್ಣನಿಗೂ ಹೀಗೇ ಆಗಿ, ಯಾರಿಗೂ ತೋರಿಸದೆ ತೀರಿಹೋಗಿದ್ದರು. ತಾತನಿಗೆ ಮಂಪರಿನ ಇಂಜೆಕ್ಷನ್ ಕೊಡೋಣವೆಂದರೆ ಹೃದಯ ಬಲವಾಗಿಲ್ಲ. ಎಚ್ಚರವಾಗಿದ್ದುಕೊಂಡೇ ನುಂಗಬೇಕು.

"ಈ ಸಲಾನೂ ಕಿತ್ತಾಕಿದ್ರೆ ನಾನು ಇಲ್ಲೇ ಕೂತ್ಕೊಂಡು ಅಳ್ತೀನಿ," ಎಂದಳು ಮಗಳು ಪ್ರಿಯಾಂಕ.

"ಅಳು. ನಳಿಕೆ ನಿನ್ ಬಾಯಿಗಾ ಹಾಕೋದು?" ಎಂದರು ತಾತ.

ರೋಗಿಗಳನ್ನು ಸಿದ್ಧಮಾಡುವ ನರ್ಸು ನಾನು. ಕೇಳಬೇಕಾದ್ದನ್ನು ಕೇಳಿದೆ.

"ರಾತ್ರಿಯಿಂದ ಏನಾದ್ರೂ ತಿಂದ್ರಾ ತಾತ?"

"ಇಲ್ಲ."

"ನೀರು?"

"ಇಲ್ಲ."

"ಎಲೆ ಅಡಿಕೆ?"

"ಅದು ತಿನ್ನೋದಲ್ಲಮ್ಮ, ಹಾಕ್ಕೊಳೋದು."

"ಯಾವಾಗ ಹಾಕ್ಕೊಂಡ್ರಿ?"

"ನೆನ್ನೆ ಸಾಯಂಕಾಲ."

ಸದ್ಯ, ಬದುಕಿದೆ. ಹಲ್ಲಿನ ಸೆಟ್ಟು ತೆಗೆಸಿ ಡಬ್ಬಿಗೆ ಹಾಕಿದೆ. ಗಂಟಲಿಗೆ ಕಹಿ ಸ್ಪ್ರೇ ಹೊಡೆದೆ.

"ಗಂಟಲು ಎಲ್ಲೋಯ್ತಮ್ಮ?"

"ಅಲ್ಲೇ ಇದೆ. ಜೋಮು ಹಿಡಿದಿದೆ ಅಷ್ಟೆ."

ಎಡಮಗ್ಗುಲಿಗೆ ಮಲಗಿಸಿ, ಕಚ್ಚಿಕೊಳ್ಳಲು ಬಾಯಿಗೆ ಪ್ಲಾಸ್ಟಿಕ್ ಬಳೆ ಕೊಟ್ಟು, "ಉಸಿರು ಮೂಗಲ್ಲಿ ತಗೊಳಿ. ಎಂಜಲು ನುಂಗ್ಬೇಡಿ, ಹರೀಲಿ ಬಿಡಿ," ಎಂದೆ. ಮುರಳಿ ಡಾಕ್ಟರು ನಳಿಕೆ ಎತ್ತಿಕೊಂಡರು. ತುದಿಯಲ್ಲಿ ದೀಪ ಹೊತ್ತಿತ್ತು. ತಾತನ ಬಲಗೈ ಮೆಲ್ಲಗೆ ಮೇಲೆದ್ದಿತು.

ಆ ಕೈ ಹಿಡಿದುಕೊಂಡೆ. ಬಾಯಿಗೆ ಬಂದ ಕತೆ ಶುರುಮಾಡಿದೆ.

"ಒಂದೂರಲ್ಲಿ ಒಂದು ಬಾವಿ ಇತ್ತಂತೆ."

ನಮ್ಮಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಆ ಅಭ್ಯಾಸಕ್ಕೆ ನಾನೂ ಸುಮ್ಮನೆ ಕಾದೆ. ತಾತನಿಗೂ ಒಬ್ಬ ಅಜ್ಜಿ ಇದ್ದಿರಬೇಕು.

"ಹೂಂ," ಎಂದಿತು ಮೂಗು.

"ಅದಕ್ಕೆ ಬಿದ್ದ ಚಂದ್ರನ್ನ ಕಪ್ಪೆ ಬಚ್ಚಿಟ್ಕೊಂಡಿತ್ತಂತೆ."

"ಹೂಂ."

"ಹುಡುಕೋಕೆ ಮಿಣುಕುಹುಳ ಒಳಗಿಳೀತಂತೆ."

ಬಾಯಲ್ಲಿ ಬಳೆಯಿದ್ದಾಗ ಹೂಂ ಅನ್ನಲು ಮೂಗಲ್ಲಿ ಉಸಿರಾಡಲೇಬೇಕು. ನಳಿಕೆ ಇಳಿಯಿತು. ಎರಡು ಸಲ ಓಕರಿಕೆ ಬಂತು, ಕಣ್ಣಲ್ಲಿ ನೀರು ಸುರಿಯಿತು. ಆ ಕೈ ನನ್ನ ಬೆರಳುಗಳನ್ನು ಒದ್ದೆ ಬಟ್ಟೆಯಂತೆ ಹಿಂಡಿತು. ನಳಿಕೆಯ ಕಡೆಗೆ ಮಾತ್ರ ಹೋಗಲಿಲ್ಲ.

"ಚಂದ್ರ ಎಲ್ಲಿ ಅಂತ ಕಪ್ಪೇನ ಕೇಳ್ತಂತೆ."

"ಹೂಂ."

"ಅದೇನಂತು?" ಎಂದರು ಡಾಕ್ಟರು, ಪರದೆಯಿಂದ ಕಣ್ಣು ತೆಗೆಯದೆ. ನಾನು ತಾತನ ಕೆನ್ನೆಯ ಎಂಜಲು ಒರೆಸಿದೆ. ಅವರು ಚೂರು ಸ್ಯಾಂಪಲ್ ತೆಗೆದುಕೊಂಡು ನಳಿಕೆ ಹೊರಗೆಳೆದರು.

"ಜಠರದಲ್ಲಿ ಹುಣ್ಣು. ನೋಡಿದ್ರೆ ಕೆಟ್ಟದ್ದು ಅನ್ಸಲ್ಲ, ಆದ್ರೂ ಸ್ಯಾಂಪಲ್ ಕಳಿಸ್ತೀನಿ. ಮಾತ್ರೆ ತಗೊಳಿ. ಎರಡು ತಿಂಗ್ಳು ಬಿಟ್ಟು ಇನ್ನೊಂದ್ಸಲ ನಳಿಕೆ ಹಾಕಿ ನೋಡ್ಬೇಕು."

ತಾತ ಕಿತ್ತುಹಾಕದಿದ್ದರೂ ಪ್ರಿಯಾಂಕ ಹೇಳಿದ್ದಂತೆಯೇ ಕೂತುಕೊಂಡು ಅತ್ತಳು.

ತಾತ ಎದ್ದು ಕುಳಿತರು. "ಕಪ್ಪೆ?"

"ಇನ್ನೊಂದು ಗಂಟೆ ಏನೂ ಕುಡೀಬೇಡಿ ತಾತ."

"ಕಪ್ಪೆ ಏನಂತಮ್ಮ?"

"ಮುಂದಿನ ಸಲ ಬಂದಾಗ ಹೇಳ್ತೀನಿ."

ಅವರು ಹಲ್ಲು ಹಾಕಿಕೊಂಡರು. ನಾನು ತಂದುಕೊಟ್ಟ ಹಳೇ ಚಪ್ಪಲಿಯ ಚೀಟಿ ಕಿತ್ತು, ಹಾಕಿಕೊಂಡು ಬಂದಿದ್ದ ಹೊಸ ಜೊತೆಯನ್ನು ಮಗಳ ಕೈಗೆ ಕೊಟ್ಟು, ಹಳೆಯದನ್ನೇ ಮೆಟ್ಟಿದರು.

"ಎರಡ್ ತಿಂಗ್ಳು ಅಂದ್ರೆ ಯಾವ ತಾರೀಕು? ಬರ್ಕೊಡು," ಎಂದರು.

ಬರೆದುಕೊಟ್ಟೆ. ನಮ್ಮಜ್ಜಿ ಯಾವಾಗಲೂ ಕತೆಯ ಅದೇ ಜಾಗದಲ್ಲಿ ನಿದ್ದೆಹೋಗುತ್ತಿದ್ದರು. ಕಪ್ಪೆ ಏನಂತೋ ನನಗೂ ಗೊತ್ತಿಲ್ಲ.